ವೆಬ್ ಸರ್ವರಿನ ಇಕ್ಕಟ್ಟು: ಒಂದು ಐತಿಹಾಸಿಕ ವಿವೇಚನೆ

ವೆಬ್ ಸರ್ವರು ನಿಧಾನವಾದೊಡನೆ ದೋಷವನ್ನು ಯಂತ್ರದ ಮೇಲೆ ಹೊರಿಸುವುದು ರೂಢಿ. ಏಕಕಾಲಕ್ಕೆ ಹತ್ತು ಸಾವಿರ ಗ್ರಾಹಕರಿಗೆ ಒಂದೇ ಸರ್ವರು ಸೇವೆ ಸಲ್ಲಿಸುವುದೆಂತು ಎಂಬ ಪ್ರಶ್ನೆಯನ್ನು ೧೯೯೯ರಲ್ಲಿ ಎತ್ತಿದ ಡಾನ್ ಕೆಗೆಲ್ ಅವರು ಈ ರೂಢಿಯನ್ನು ಲೆಕ್ಕದಿಂದ ಪರೀಕ್ಷಿಸಿದರು. ೧೦೦೦ ಮೆಗಾಹರ್ಟ್ಸ್ ವೇಗ, ೨ ಗಿಗಾಬೈಟ್ ಸ್ಮೃತಿ, ಸೆಕೆಂಡಿಗೆ ೧೦೦೦ ಮೆಗಾಬಿಟ್ ಸಾಗಿಸುವ ಸಂಪರ್ಕ, ಇವನ್ನು ೨೦,೦೦೦ ಗ್ರಾಹಕರಿಗೆ ಹಂಚಿದರೆ ತಲಾ ೫೦ ಕಿಲೋಹರ್ಟ್ಸ್, ೧೦೦ ಕಿಲೋಬೈಟ್, ೫೦ ಕಿಲೋಬಿಟ್ ದೊರೆಯುತ್ತವೆ. ಸಣ್ಣ ಕಡತವೊಂದನ್ನು ಕಳುಹಿಸಲು ಇಷ್ಟು ಸಾಕು.

ಹಾಗಾದರೆ ಇಕ್ಕಟ್ಟು ಯಂತ್ರದಲ್ಲಲ್ಲ, ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೊಸೆಸ್ಸನ್ನು ನೇಮಿಸುವ ಪದ್ಧತಿಯಲ್ಲಿದ್ದಿತು. ಫ್ರೀಬಿಎಸ್‌ಡಿಯ ಕೆಕ್ಯೂ (೨೦೦೦), ಲಿನಕ್ಸಿನ ಈಪೋಲ್ (೨೦೦೨), ಇಗೋರ್ ಸಿಸೊಯೆವ್ ಅವರು ೨೦೦೪ರಲ್ಲಿ ಪ್ರಕಟಿಸಿದ ಎಂಜಿನ್‌ಎಕ್ಸ್, ಇವುಗಳಿಂದ ಒಂದೇ ಪ್ರೊಸೆಸ್ಸು ಸಾವಿರಾರು ಸಂಪರ್ಕಗಳನ್ನು ಸುಗಮವಾಗಿ ನಿರ್ವಹಿಸುವಂತಾಯಿತು. ಸಂಸ್ಕಾರಕ, ಸ್ಮೃತಿ, ಡಿಸ್ಕು, ಜಾಲ ಇವುಗಳಲ್ಲಿ ಯಾವುದು ಮೊದಲು ತುಂಬುವುದೆಂದು ಅಳೆಯದೆ ಹೊಸ ಯಂತ್ರವನ್ನು ಕೊಳ್ಳುವುದು ವ್ಯರ್ಥವ್ಯಯವೆಂಬುದೇ ಈ ಚರಿತ್ರೆಯಿಂದ ಸಿದ್ಧಪಡುವ ಅಂಶ.