ಅಮ್ಮನ ಸರ್ವೀಸ್ ರಿಜಿಸ್ಟರು

ಮೇಡಂ ಆಗಿದ್ದ ತಾಯಿ ತೀರಿಕೊಂಡಾಗ ಮಕ್ಕಳು ಹೊರತರುವ ಸ್ಮರಣೆಯ ಹೊತ್ತಗೆಗಳಲ್ಲಿ ಆಕೆ ತ್ಯಾಗಮಯಿ, ಕರುಣಾಮಯಿ, ಸಾಕ್ಷಾತ್ ಶಾರದೆ. ಯಾವ ತರಬೇತಿ ಪಡೆದಿದ್ದರು, ಮೊದಲ ಸಂಬಳ ಎಷ್ಟು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬ ವಿವರ ಮಾತ್ರ ಕಾಣುವುದು ಅಪರೂಪ. ಪಾಠ ಹೇಳುವುದು ತಾಯ್ತನದ್ದೇ ಮುಂದುವರಿಕೆ ಎಂಬ ನಂಬಿಕೆ ಇದರ ಹಿಂದಿದೆ. ಮೈಸೂರಿನ ಮಟ್ಟಿಗೆ ಈ ನಂಬಿಕೆ ಚರಿತ್ರೆಗೆ ಹೊಂದುವುದಿಲ್ಲ. ಇಲ್ಲಿ ಉಪಾಧ್ಯಾಯಿನಿಯ ಕೆಲಸವನ್ನು ಅರಮನೆ, ಸರ್ಕಾರ, ವಿದ್ಯಾರ್ಥಿವೇತನ ಮತ್ತು ಸಂಬಳ ಸೇರಿ ಕಟ್ಟಿದವು.

ಬ್ರಿಟಿಷರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದ 1881ರಲ್ಲೇ ಅಂಬಳೆ ನರಸಿಂಹ ಅಯ್ಯಂಗಾರ್ಯರ ಮುತುವರ್ಜಿಯಿಂದ, ಅರಮನೆಯ ಆಶ್ರಯದಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಓದಲು ಹುಡುಗಿಯರು ಬಂದರೂ ಓದಿಸುವ ಹೆಂಗಸರು ಎಲ್ಲಿಂದ ಬರಬೇಕು? ಗಂಡಸರನ್ನೇ ನೆಚ್ಚಬೇಕಾಯಿತು. ಕಲಿತ ಹುಡುಗಿಯಾದರೂ ಟೀಚರಾಗುವಷ್ಟು ಕಾಲ ಶಾಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮದುವೆ ಅಡ್ಡ ಬರುತ್ತಿತ್ತು. 1894ರ ಬಾಲ್ಯವಿವಾಹ ತಡೆ ಕಾನೂನು ಹುಡುಗಿಯರ ಮದುವೆಗೆ ಹಾಕಿದ ಕನಿಷ್ಠ ವಯಸ್ಸು 8. ಇಷ್ಟಕ್ಕೇ ದೊಡ್ಡ ಸುಧಾರಣೆಯೆಂಬ ಹೊಗಳಿಕೆ! ಇಂಥ ಊರಿನಲ್ಲಿ ವರ್ಷಗಟ್ಟಲೆ ಓದಿ ನೌಕರಿಗೆ ನಿಲ್ಲಬಲ್ಲವರೆಂದರೆ ಎಳೆಯ ವಿಧವೆಯರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರಿಗೆ ವೇತನ ಕೊಟ್ಟು ತರಬೇತು ಮಾಡುವ ತರಗತಿಗಳು ನಡೆದವು. 1895ರಿಂದ 1902ರವರೆಗೆ ರೀಜೆಂಟರಾಗಿ ರಾಜ್ಯವಾಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರೂ ವಿಧವೆಯೇ ಎಂಬುದನ್ನು ಮರೆಯಬಾರದು. ಮದರಾಸಿನಲ್ಲಿ ಸೋದರಿ ಸುಬ್ಬಲಕ್ಷ್ಮಿ ಹಿಡಿದದ್ದೂ ವಿಧವೆಯರನ್ನು ಟೀಚರಾಗಿ ತರಬೇತು ಮಾಡುವ ಇದೇ ದಾರಿ. ಅಂದರೆ ನಾವು ಇಂದು ತಾಯ್ತನದ ಹೆಸರಿನಲ್ಲಿ ಪೂಜಿಸುವ ವೃತ್ತಿಗೆ ತಳಪಾಯ ಹಾಕಿದವರಲ್ಲಿ, ತಾಯಾಗುವ ಅವಕಾಶವನ್ನೇ ಸಮಾಜ ಕಿತ್ತುಕೊಂಡಿದ್ದ ಹೆಣ್ಣುಮಕ್ಕಳೂ ಇದ್ದರು.

ಇದು ಮೇಲ್ಜಾತಿಯ ಕಥೆಯಷ್ಟೇ ಎನ್ನಬಹುದು. ಆಕ್ಷೇಪಣೆ ಸರಿಯಾದದ್ದೇ: ಮಹಾರಾಣಿ ಶಾಲೆಯ ಬಾಗಿಲು ಮೊದಲು ತೆರೆದದ್ದು ಅಂಥ ಮನೆಗಳಿಗೆ, ವೆಸ್ಲಿಯನ್ ಮಿಷನ್ನಿನವರ ಕೆಲಸ ಬೇರೆ ಕೇರಿಗಳಲ್ಲೂ ನಡೆದಿತ್ತು. ಆದರೆ ಇದರಿಂದ ನನ್ನ ವಾದ ಬಲವಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಮಮತೆಗೆ ಜಾತಿಯ ಕಟ್ಟಿಲ್ಲ, ತರಬೇತಿಗೆ ಇತ್ತು. ಯಾರು ಟೀಚರಾದರು ಎಂಬುದನ್ನು ತೀರ್ಮಾನಿಸಿದ್ದು ತರಬೇತಿ. ಇನ್ನು, ಸಂಬಳದ ಲೆಕ್ಕ ತೆಗೆದರೆ ಪ್ರೀತಿಗೆ ಕುಂದಲ್ಲವೇ ಎನ್ನುವವರಿದ್ದಾರೆ. ತ್ಯಾಗ ಇರಲಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಶಾಲೆಗೆ ಓಡಿದ ಹೆಂಗಸಿಗೆ ಎರಡು ದುಡಿಮೆಗಳಿದ್ದವು. ತ್ಯಾಗ ಎಂಬ ಒಂದೇ ಮಾತು ಎರಡನ್ನೂ ಮುಚ್ಚಿಬಿಡುತ್ತದೆ. ಮೇಷ್ಟರ ಸ್ಮರಣೆಯಲ್ಲಿ ಅವರ ಪಾಂಡಿತ್ಯ, ಶಿಷ್ಯರು, ಪಾಠದ ಧಾಟಿ ಎಲ್ಲ ಬರುತ್ತವೆ. ಮೇಡಂನ ಸ್ಮರಣೆಯಲ್ಲಿ ಬರೀ ವಾತ್ಸಲ್ಯ ಏಕೆ?

ಹಾಗಾಗಿ ತಾಯಿಯ ನೆನಪಿನ ಪುಸ್ತಕ ಮಾಡಿಸುವವರು ಫೋಟೋಗಳ ಜೊತೆಗೆ ನೇಮಕದ ಆದೇಶ, ತರಬೇತಿಯ ಸರ್ಟಿಫಿಕೇಟು, ಸರ್ವೀಸ್ ರಿಜಿಸ್ಟರಿನ ಪುಟಗಳನ್ನೂ ಅಚ್ಚು ಹಾಕಿಸಲಿ. ಹಳೆ ಟ್ರಂಕಿನಲ್ಲಿರುವ ಆ ಕಾಗದಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.