ಹಿತ್ತಲ ದೂರದರ್ಶಕವೂ ಛಾಯಾಫಲಕವೂ

ಖಗೋಳಶಾಸ್ತ್ರದ ಇತಿಹಾಸವೆಂದರೆ ರಾಜಾಶ್ರಯ ಪಡೆದ ವೀಕ್ಷಣಾಲಯಗಳ ಇತಿಹಾಸವೆಂಬ ಭಾವನೆ ರೂಢಮೂಲವಾಗಿದೆ. ಮನೆಯ ಹಿತ್ತಲಿಗೂ ಅದರಲ್ಲಿ ಗಣ್ಯವಾದ ಸ್ಥಾನವುಂಟೆಂಬುದನ್ನು ನಾವು ಎರಡು ನಿದರ್ಶನಗಳಿಂದ ತೋರಿಸಬಯಸುತ್ತೇವೆ.

1781ರ ಮಾರ್ಚ್ 13ರ ರಾತ್ರಿ, ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತಗಾರನಾಗಿದ್ದ ವಿಲಿಯಂ ಹರ್ಷೆಲನು ತನ್ನ ಮನೆಯ ಹಿತ್ತಲಿನಿಂದ, ತಾನೇ ನಿರ್ಮಿಸಿದ 7 ಅಡಿಯ ದೂರದರ್ಶಕದ ಮೂಲಕ ಯುರೇನಸ್ ಗ್ರಹವನ್ನು ಕಂಡನು. ಮೊದಲು ಅದನ್ನು ಧೂಮಕೇತುವೆಂದೇ ಬಗೆದನು. ಅದು ಗ್ರಹವೆಂಬುದು ಇತರ ವಿದ್ವಾಂಸರ ಗಣಿತದಿಂದ ಸ್ಥಿರಪಟ್ಟಿತು. ಕಣ್ಣು ಕಂಡುದನ್ನು ಕೈ ಬರೆದಿಡಬೇಕಾಗಿದ್ದ ಕಾಲವದು.

ಮಹಾವ್ಯಾಧದ ನೀಹಾರಿಕೆಯ ಪ್ರಥಮ ಛಾಯಾಚಿತ್ರವನ್ನು 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರನು ತೆಗೆದನು. 1883ರಲ್ಲಿ, ವೃತ್ತಿಯಿಂದ ಇಂಜಿನಿಯರನಾದ ಆಂಡ್ರೂ ಕಾಮನ್ ಎಂಬಾತನು ಲಂಡನ್ ಸಮೀಪದ ಈಲಿಂಗಿನ ತನ್ನ ಮನೆಯ ತೋಟದಲ್ಲಿ 36 ಅಂಗುಲದ ದರ್ಪಣದಿಂದ ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ಕಣ್ಣಿಗೆ ಗೋಚರಿಸದ ನಕ್ಷತ್ರಗಳೂ ಫಲಕದಲ್ಲಿ ಮೂಡಿದವು. ಕಣ್ಣು ಬೆಳಕನ್ನು ಕೂಡಿಡಲಾರದು, ಫಲಕವು ಕೂಡಿಡಬಲ್ಲದು. 1884ರಲ್ಲಿ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯು ಆತನಿಗೆ ಸ್ವರ್ಣಪದಕವನ್ನಿತ್ತಿತು.

ಇಂದು ಕೈಯಲ್ಲೊಯ್ಯಬಹುದಾದ ಪುಟ್ಟ ದೂರದರ್ಶಕಕ್ಕೆ ಕ್ಯಾಮರಾ ಜೋಡಿಸಿ, ತೆಗೆದ ಹಲವು ಚಿತ್ರಗಳನ್ನು ಗಣಕಯಂತ್ರದಿಂದ ಒಂದುಗೂಡಿಸುವವರು ಅನುಸರಿಸುತ್ತಿರುವುದೂ ಇದೇ ತತ್ತ್ವವನ್ನು. ದಿನಾಂಕ, ವೇಳೆ, ಸ್ಥಳಗಳನ್ನು ನಮೂದಿಸಿದ ಅಂತಹ ಚಿತ್ರವು ಕೇವಲ ವಿನೋದವಲ್ಲ; ಇತರರು ಮರಳಿ ಪರೀಕ್ಷಿಸಬಹುದಾದ ಸಾಕ್ಷ್ಯ. ನಮ್ಮ ವಿದ್ಯಾರ್ಥಿಗಳು ಕಾಲೇಜಿನ ಅಂಗಳದಿಂದಲೇ ಈ ಪರಂಪರೆಯನ್ನು ಮುಂದುವರಿಸಬಹುದು.