ಸಿಗ್ನಲ್ ಗ್ರೌಂಡ್
ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಎಸಿ ಸಂಕೇತದ ವೋಲ್ಟೇಜ್ ಶೂನ್ಯವಾಗಿರುವ ಬಿಂದು. ಅಲ್ಲಿ ಡಿಸಿ ವೋಲ್ಟೇಜ್ ಇರಬಹುದು. ಭೂಮಿಗೆ ಜೋಡಣೆ ಕಡ್ಡಾಯವಲ್ಲ. 12 ವೋಲ್ಟ್ ಪೂರೈಕೆ ತಂತಿಯೂ ಸಂಕೇತದ ಪಾಲಿಗೆ ಗ್ರೌಂಡೇ, ಏಕೆಂದರೆ ಅದರ ವೋಲ್ಟೇಜ್ ಏರಿಳಿಯುವುದಿಲ್ಲ. ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಾಮನ್ ಎಮಿಟರ್ ಮಂಡಲದಲ್ಲಿ ಎಮಿಟರ್ ರೋಧಕಕ್ಕೆ ಸಮಾಂತರವಾಗಿರುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್, 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 1.6 ಓಮ್ ಪ್ರತಿರೋಧವನ್ನಷ್ಟೇ ಒಡ್ಡಿ ಎಮಿಟರನ್ನು ಸಿಗ್ನಲ್ ಗ್ರೌಂಡಾಗಿಸುತ್ತದೆ. ಕೆಪಾಸಿಟರ್ ತೆಗೆದರೆ ವರ್ಧನೆ ತೀವ್ರವಾಗಿ ಕುಸಿದು, ಸರಿಸುಮಾರು ಕಲೆಕ್ಟರ್ ಮತ್ತು ಎಮಿಟರ್ ರೋಧಕಗಳ ಅನುಪಾತಕ್ಕಿಳಿಯುತ್ತದೆ, ಬಯಾಸ್ ಬದಲಾಗದು. ಧ್ವನಿವರ್ಧಕಗಳಲ್ಲಿ ಗ್ರೌಂಡ್ ತಂತಿಗಳು ಕುಣಿಕೆಯಾದರೆ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುತ್ತದೆ.